ಮನೆಗೆ ಯಾವ ಚಪ್ಪಟೆ ಟಿವಿ?

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ದಪ್ಪ ಬೆನ್ನಿನ ಪಿಕ್ಚರ್ ಟ್ಯೂಬ್ ಟಿವಿಯನ್ನು ಬಿಟ್ಟು ಗೋಡೆಗೆ ತೂಗುಹಾಕುವ ಟಿವಿ ಕೊಳ್ಳಲು ಹೊರಟವರ ಮುಂದೆ ಒಂದು ಪ್ರಶ್ನೆ ಇರುತ್ತಿತ್ತು: ಪ್ಲಾಸ್ಮಾವೋ, ಎಲ್‌ಸಿಡಿಯೋ? ಈಗ ಅಂಗಡಿಯಲ್ಲಿ ಆ ಪ್ರಶ್ನೆ ಉಳಿದಿಲ್ಲ. ಪ್ಯಾನಾಸೊನಿಕ್ ಸಂಸ್ಥೆ 2013ರ ಡಿಸೆಂಬರಿನಲ್ಲಿ ಪ್ಲಾಸ್ಮಾ ಫಲಕಗಳ ತಯಾರಿಕೆಯನ್ನು ನಿಲ್ಲಿಸಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಸಂಸ್ಥೆಗಳು 2014ರಲ್ಲಿ ಅದೇ ದಾರಿ ಹಿಡಿದವು. ಆದರೆ ಪ್ಲಾಸ್ಮಾ ಖಾಲಿ ಮಾಡಿದ ಜಾಗದಲ್ಲಿ ಈಗ ಓಎಲ್‌ಇಡಿ ಬಂದು ಕುಳಿತಿದೆ. ಎದುರಾಳಿ ಮಾತ್ರ ಹಳಬನೇ, ಎಲ್‌ಸಿಡಿ. ಆದ್ದರಿಂದ ಹಳೆಯ ಪ್ರಶ್ನೆಯ ಹಿಂದಿರುವ ಭೌತವಿಜ್ಞಾನವನ್ನು ತಿಳಿದುಕೊಂಡರೆ ಇಂದು ಹಣ ಕೊಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಮೊದಲು ಪ್ಲಾಸ್ಮಾವನ್ನು ನೋಡೋಣ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ರಾಬರ್ಟ್ ವಿಲ್ಸನ್ 1964ರಲ್ಲಿ ಇದನ್ನು ರೂಪಿಸಿದರು. ನಿಮ್ಮ ಮನೆಯ ಟ್ಯೂಬ್‌ಲೈಟನ್ನು ನೆನಪಿಸಿಕೊಳ್ಳಿ. ಅದರೊಳಗಿನ ಅನಿಲದಲ್ಲಿ ವಿದ್ಯುತ್ ಹರಿದಾಗ ಅತಿನೇರಳೆ ಕಿರಣ ಹೊರಡುತ್ತದೆ. ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಅದನ್ನು ಹೀರಿ ಕಣ್ಣಿಗೆ ಕಾಣುವ ಬೆಳಕನ್ನು ಕೊಡುತ್ತದೆ. ಪ್ಲಾಸ್ಮಾ ಪರದೆಯೆಂದರೆ ಇಂತಹ ಲಕ್ಷಾಂತರ ಪುಟಾಣಿ ಟ್ಯೂಬ್‌ಲೈಟುಗಳು. ಇಲ್ಲಿ ಪಾದರಸದ ಆವಿಯ ಬದಲು ನಿಯಾನ್ ಮತ್ತು ಕ್ಸೆನಾನ್ ಅನಿಲಗಳ ಮಿಶ್ರಣವಿರುತ್ತದೆ. ಕ್ಸೆನಾನ್ ಮುಖ್ಯವಾಗಿ 147 ನ್ಯಾನೊಮೀಟರ್ ತರಂಗದೂರದ ಅತಿನೇರಳೆ ಕಿರಣವನ್ನು ಸೂಸುತ್ತದೆ. ಒಂದು ಚಿತ್ರಬಿಂದುವಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಕೋಶಗಳು.

ಈ ಕೋಶಕ್ಕೆ ಎರಡೇ ಸ್ಥಿತಿ ಗೊತ್ತು: ಹೊತ್ತಿಕೊಳ್ಳುವುದು, ಆರುವುದು. ನಸುಗೆಂಪನ್ನು ತೋರಿಸಬೇಕಾದರೆ ಕಡಿಮೆ ಸಲ, ಕಡುಗೆಂಪಿಗೆ ಹೆಚ್ಚು ಸಲ ಮಿಣುಕಬೇಕು. ಒಂದು ಸೆಕೆಂಡಿನ ಐವತ್ತನೆಯ ಭಾಗದೊಳಗೆ ಇಷ್ಟೆಲ್ಲ ಮಿಣುಕಾಟ ಮುಗಿಯುವುದರಿಂದ ನಮ್ಮ ಕಣ್ಣಿಗೆ ಅದು ಒಂದೇ ಬೆಳಕಾಗಿ ಕಾಣುತ್ತದೆ. ಓಡುವ ಚೆಂಡು ಪ್ಲಾಸ್ಮಾದಲ್ಲಿ ಮಸುಕಾಗದೆ ಕಾಣುತ್ತಿದ್ದುದಕ್ಕೆ ಇದೇ ಕಾರಣ.

ಎಲ್‌ಸಿಡಿಯ ರೀತಿಯೇ ಬೇರೆ. ಅಲ್ಲಿ ಚಿತ್ರಬಿಂದು ಬೆಳಗುವುದೇ ಇಲ್ಲ, ಕಿಟಕಿಯ ಬಾಗಿಲಿನಂತೆ ತೆರೆದು ಮುಚ್ಚುತ್ತದೆ. ಬೆಳಕು ಬರುವುದು ಹಿಂದಿರುವ ದೀಪದಿಂದ. ಆ ಬೆಳಕನ್ನು ಒಂದು ಧ್ರುವಕ ಹಾಳೆ ಒಂದೇ ದಿಕ್ಕಿನ ಕಂಪನಕ್ಕೆ ಕಟ್ಟಿಹಾಕುತ್ತದೆ. ಮುಂದಿನ ದ್ರವಸ್ಫಟಿಕದ ಪದರ ಆ ಕಂಪನದ ದಿಕ್ಕನ್ನು ಬೇಕಾದಷ್ಟು ತಿರುಗಿಸುತ್ತದೆ. ಎಷ್ಟು ತಿರುಗಬೇಕೆಂದು ಕೆಲವೇ ವೋಲ್ಟುಗಳ ವಿಭವಾಂತರ ನಿರ್ಧರಿಸುತ್ತದೆ. ಎರಡನೆಯ ಧ್ರುವಕ ಹಾಳೆ ತನ್ನ ದಿಕ್ಕಿಗೆ ಹೊಂದುವ ಬೆಳಕನ್ನಷ್ಟೇ ಹೊರಗೆ ಬಿಡುತ್ತದೆ. ಪೋಲರಾಯ್ಡ್ ತಂಪು ಕನ್ನಡಕವಿದ್ದರೆ ಕ್ಯಾಲ್ಕ್ಯುಲೇಟರಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುವುದನ್ನು ಕಾಣುವಿರಿ.

ಈ ಏರ್ಪಾಡಿನಲ್ಲಿ ಬೆಳಕಿನ ನಷ್ಟ ಬಹಳ. ಮೊದಲ ಧ್ರುವಕವೇ ಅರ್ಧವನ್ನು ನುಂಗುತ್ತದೆ, ಬಣ್ಣದ ಸೋಸುಹಾಳೆ ಉಳಿದುದರಲ್ಲಿ ಮೂರನೆಯ ಎರಡು ಭಾಗವನ್ನು. ಕೊನೆಗೆ ಹತ್ತರಲ್ಲಿ ಒಂದು ಪಾಲೂ ನಮ್ಮ ಕಣ್ಣಿಗೆ ಮುಟ್ಟುವುದಿಲ್ಲ. ಹಾಗಿದ್ದರೂ ಎಲ್‌ಸಿಡಿ ಗೆದ್ದಿತು. ಹಿಂದಿನ ದೀಪ ದಿನೇ ದಿನೇ ಸುಧಾರಿಸಿತು, ಅನಿಲದ ಕೋಶ ಸುಧಾರಿಸಲಿಲ್ಲ. ಲೆಕ್ಕ ಹಾಕಿ ನೋಡಿ. 42 ಅಂಗುಲದ ಪ್ಲಾಸ್ಮಾ 250 ವ್ಯಾಟ್, 43 ಅಂಗುಲದ ಇಂದಿನ ಎಲ್‌ಸಿಡಿ 80 ವ್ಯಾಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ ಐದು ಗಂಟೆ ನೋಡಿದರೆ ವರ್ಷಕ್ಕೆ ಸುಮಾರು 310 ಯೂನಿಟ್ ವ್ಯತ್ಯಾಸ. ಇದರ ಮೇಲೆ, ಚಿತ್ರಬಿಂದುಗಳ ಸಂಖ್ಯೆ ಹೆಚ್ಚಿದಷ್ಟೂ ಪ್ಲಾಸ್ಮಾ ಕೋಶ ಕಿರಿದಾಗಬೇಕು, ಕಿರಿದಾದಷ್ಟೂ ಅದರ ಬೆಳಕು ಕುಗ್ಗುತ್ತದೆ. ಹಳೆಯ ಪ್ಲಾಸ್ಮಾ ಟಿವಿ ಇನ್ನೂ ಕೆಲಸ ಮಾಡುತ್ತಿದ್ದರೆ ನೋಡಿ ಸಂತೋಷಪಡಿ. ಫಲಕವೇ ಕೆಟ್ಟರೆ ರಿಪೇರಿಗೆ ಹಣ ಸುರಿಯಬೇಡಿ.

ಎಲ್‌ಸಿಡಿಯ ಮತ್ತೊಂದು ಕೊರತೆ, ಪಕ್ಕದಿಂದ ನೋಡಿದಾಗ ಬಣ್ಣ ಕೆಡುವುದು. ಇದನ್ನು ಸರಿಪಡಿಸುವ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ವಿಭಾಗವನ್ನು ಕಟ್ಟಿ, ನಂತರ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ 1977ರಲ್ಲಿ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಉಂಟಾಗುವುದನ್ನು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಿಗೆ ಮಾತ್ರ ಆ ಗುಣವಿದೆ ಎಂಬ ನಂಬಿಕೆಯಿತ್ತು. ಮುಂದೆ ಜಪಾನಿನ ಫ್ಯೂಜಿಫಿಲ್ಮ್ ಸಂಸ್ಥೆ ಬಿಲ್ಲೆಯಾಕಾರದ ಅಣುಗಳಿಂದಲೇ ತೆಳು ಹಾಳೆ ತಯಾರಿಸಿ, ಎಲ್‌ಸಿಡಿಯ ನೋಟದ ಕೋನವನ್ನು ಹಿಗ್ಗಿಸಿತು. ಮೂಲವಿಜ್ಞಾನದಿಂದ ಏನು ಪ್ರಯೋಜನ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈ ಉದಾಹರಣೆಯನ್ನು ತಪ್ಪದೆ ಹೇಳುತ್ತೇನೆ.

ಈಗ ಅಂಗಡಿಯ ವಿಷಯ. ‘ಇದು ಎಲ್‌ಸಿಡಿ ಅಲ್ಲ ಸಾರ್, ಎಲ್‌ಇಡಿ’ ಎಂದು ಅಂಗಡಿಯವರು ಹೇಳುವುದನ್ನು ಕೇಳಿರುತ್ತೀರಿ. ಅದು ಎಲ್‌ಸಿಡಿಯೇ. ಹಿಂದಿನ ಕೊಳವೆ ದೀಪದ ಜಾಗದಲ್ಲಿ ಎಲ್‌ಇಡಿ ಬಂದಿದೆ, ಅಷ್ಟೆ. ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂಬ ಹೆಸರಿನಲ್ಲಿ ಮಾರುವವೂ ಅದೇ ಕುಲದವು. ಓಎಲ್‌ಇಡಿ ಮಾತ್ರ ನಿಜವಾಗಿ ಬೇರೆ. ಅದರಲ್ಲಿ ವಿದ್ಯುತ್ ಹರಿದಾಗ ಕಾರ್ಬನಿಕ ಪದಾರ್ಥದ ತೆಳು ಪದರ ತಾನೇ ಬೆಳಗುತ್ತದೆ. ವಿದ್ಯುತ್ ನಿಂತರೆ ಆ ಬಿಂದು ಪೂರ್ತಿ ಕತ್ತಲು. ಎಲ್‌ಸಿಡಿಯ ಬಾಗಿಲು ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸ್ವಲ್ಪ ಬೆಳಕು ಸೋರುತ್ತದೆ.

ಈ ಸೋರಿಕೆಗೆ ಎಷ್ಟು ಬೆಲೆ ಕೊಡಬೇಕು? ಉತ್ತರ ನಿಮ್ಮ ಕೋಣೆಯಲ್ಲಿದೆ. ಎರಡೂ ಪರದೆಗಳ ಬಿಳಿಯ ಉಜ್ವಲತೆ ಚದರ ಮೀಟರಿಗೆ 300 ಕ್ಯಾಂಡೆಲಾ ಇರಲಿ. ಎಲ್‌ಸಿಡಿಯ ಕಪ್ಪು 0.3, ಓಎಲ್‌ಇಡಿಯ ಕಪ್ಪು ಸೊನ್ನೆ. ಕತ್ತಲೆ ಕೋಣೆಯಲ್ಲಿ ಎಲ್‌ಸಿಡಿಯ ಬಿಳಿ-ಕಪ್ಪು ಅನುಪಾತ 1000, ಓಎಲ್‌ಇಡಿಯದು ಲೆಕ್ಕಕ್ಕೇ ಸಿಗುವುದಿಲ್ಲ. ಈಗ ಟ್ಯೂಬ್‌ಲೈಟ್ ಹಾಕಿ. ಅದರ ಬೆಳಕು ಪರದೆಯ ಮೇಲೆ ಬಿದ್ದು, 1 ಕ್ಯಾಂಡೆಲಾದಷ್ಟು ಮರಳಿ ನಮ್ಮ ಕಡೆಗೆ ಬರುತ್ತದೆ ಎನ್ನೋಣ. ಆಗ ಎಲ್‌ಸಿಡಿಯ ಅನುಪಾತ 301ನ್ನು 1.3ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 231. ಓಎಲ್‌ಇಡಿಯದು 301. ಅನಂತದಷ್ಟಿದ್ದ ಅಂತರ ಒಂದು ಸ್ವಿಚ್ ಒತ್ತಿದೊಡನೆ ಇಷ್ಟಕ್ಕೆ ಇಳಿಯಿತು! ಹತ್ತು ಲಕ್ಷಕ್ಕೆ ಒಂದು ಎಂಬ ಜಾಹೀರಾತಿನ ಅಂಕಿಗಳನ್ನು ಓದುವಾಗ ಈ ಲೆಕ್ಕ ನೆನಪಿರಲಿ. ಬಾಗಿಲು ತೆರೆದಿಟ್ಟ ನಡುಮನೆಯಲ್ಲಿ ಹಗಲು ಧಾರಾವಾಹಿ ನೋಡುವವರಿಗೆ ಓಎಲ್‌ಇಡಿಯ ಕಪ್ಪು ಕಾಣುವುದೇ ಇಲ್ಲ. ಅಲ್ಲಿ ಪ್ರಖರವಾದ ಎಲ್‌ಸಿಡಿಯೇ ಸರಿ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರು ಓಎಲ್‌ಇಡಿಗೆ ಹೆಚ್ಚು ಹಣ ಕೊಟ್ಟರೆ ಅದಕ್ಕೆ ಅರ್ಥವಿದೆ.

ತಾನೇ ಬೆಳಗುವ ಪರದೆಗೆ ಇನ್ನೊಂದು ಕಾಯಿಲೆಯಿದೆ. ಪ್ಲಾಸ್ಮಾಕ್ಕೂ ಇತ್ತು, ಓಎಲ್‌ಇಡಿಗೂ ಇದೆ. ಹೆಚ್ಚು ದುಡಿದ ಬಿಂದು ಬೇಗ ಸವೆಯುತ್ತದೆ. ನಮ್ಮ ಸುದ್ದಿವಾಹಿನಿಗಳ ಪರದೆಯನ್ನು ನೋಡಿ: ಮೂಲೆಯಲ್ಲಿ ಲಾಂಛನ, ಕೆಳಗೆ ಕೆಂಪು ಪಟ್ಟಿ, ಅದರ ಕೆಳಗೆ ಮತ್ತೊಂದು ಪಟ್ಟಿ. ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ ಒಂದೇ ವಾಹಿನಿ ಓಡಿದರೆ ಆ ಪಟ್ಟಿಯ ನೆರಳು ಪರದೆಯಲ್ಲಿ ಅಚ್ಚೊತ್ತಿಕೊಳ್ಳಬಹುದು. ಮನೆಯಲ್ಲಿ ದಿನವಿಡೀ ಸುದ್ದಿ ಹಾಕಿಕೊಂಡು ಕೂರುವ ಹಿರಿಯರಿದ್ದರೆ ಎಲ್‌ಸಿಡಿ ತೆಗೆದುಕೊಳ್ಳಿ.

ಇನ್ನು 4ಕೆ ಬೇಕೇ? ಸಾಮಾನ್ಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಭಾಗದಷ್ಟು ಕೋನದಲ್ಲಿರುವ ಎರಡು ಚುಕ್ಕೆಗಳನ್ನು ಬೇರ್ಪಡಿಸಿ ನೋಡಬಲ್ಲದು. ಹತ್ತು ಅಡಿ ದೂರದಲ್ಲಿ ಇದು ಸುಮಾರು 0.9 ಮಿಲಿಮೀಟರ್. 55 ಅಂಗುಲದ ಫುಲ್ ಎಚ್‌ಡಿ ಪರದೆಯ ಬಿಂದು ಸುಮಾರು 0.63 ಮಿಲಿಮೀಟರ್, ಅಂದರೆ ಅದಾಗಲೇ ಕಣ್ಣಿನ ಮಿತಿಗಿಂತ ಸಣ್ಣದು. ಅಷ್ಟು ದೂರ ಕೂರುವವರು 4ಕೆ ಎಂಬ ಚೀಟಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಏಳು ಅಡಿಗಿಂತ ಹತ್ತಿರ ಕುಳಿತರೆ ಮಾತು ಬೇರೆ.

ಎಲ್‌ಸಿಡಿಯಲ್ಲೇ ಐಪಿಎಸ್, ವಿಎ ಎಂದು ಎರಡು ಬಗೆಗಳಿವೆ. ಮನೆಮಂದಿಯೆಲ್ಲ ಸುತ್ತ ಹರಡಿ ಕುಳಿತು ನೋಡುವುದಾದರೆ ಐಪಿಎಸ್ ವಾಸಿ. ನೇರ ಎದುರು ಕೂರುವವರಿಗೆ ವಿಎ. ಅದರ ಕಪ್ಪು ಇನ್ನಷ್ಟು ಗಾಢ. ಕರಪತ್ರದಲ್ಲಿ ಇದನ್ನು ಬರೆದಿರದಿದ್ದರೆ ಪರದೆಯನ್ನು ಪಕ್ಕದಿಂದ ನೋಡಿ, ಬಣ್ಣ ಬಿಳಿಚಿಕೊಂಡರೆ ವಿಎ ಎಂದು ಊಹಿಸಬಹುದು. ಅಂಗಡಿಯ ಟಿವಿಗಳನ್ನು ಕಣ್ಣು ಕೋರೈಸುವಷ್ಟು ಪ್ರಖರವಾಗಿ ಇಟ್ಟಿರುತ್ತಾರೆ. ರಿಮೋಟ್ ಕೇಳಿ ಪಡೆದು ಸಿನಿಮಾ ಅಥವಾ ಸ್ಟ್ಯಾಂಡರ್ಡ್ ಸ್ಥಿತಿಗೆ ಬದಲಿಸಿ ನೋಡಿ, ಕತ್ತಲೆಯ ದೃಶ್ಯವಿರುವ ಒಂದು ತುಣುಕನ್ನು ಪೆನ್‌ಡ್ರೈವಿನಲ್ಲಿ ಒಯ್ದರೆ ಇನ್ನೂ ಒಳ್ಳೆಯದು. ಓಎಲ್‌ಇಡಿಯಾದರೆ, ಅಚ್ಚೊತ್ತುವಿಕೆಗೆ ಖಾತರಿ ಅನ್ವಯಿಸುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಾತರಿ ಪತ್ರದಲ್ಲಿ ಓದಿಕೊಳ್ಳಿ.