ತಿಳಿನೀರೂ ತಿಳಿವಳಿಕೆಯೂ

ಕನ್ನಡದ ‘ತಿಳಿ’ ಎಂಬ ಶಬ್ದಕ್ಕೆ ಎರಡು ಮುಖಗಳಿವೆ. ಕೆರೆಯ ಕದಡು ಕೆಳಗಿಳಿದು ನೀರು ನಿರ್ಮಲವಾದರೆ ಅದು ತಿಳಿಯಾಯಿತೆನ್ನುತ್ತೇವೆ. ಸಂಶಯ ಹರಿದು ಅರ್ಥ ಮನಸ್ಸಿಗೆ ಹೊಳೆದರೆ ಅದು ತಿಳಿಯಿತೆನ್ನುತ್ತೇವೆ. ಆದರೆ ಕಣ್ಣಿಗೆ ತಿಳಿಯಾಗಿ ತೋರುವ ನೀರೆಲ್ಲ ನಾವು ತಿಳಿದ ನೀರೇ? ಕೃಷ್ಣೆ ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯಲ್ಲಿ ಈ ಪ್ರಶ್ನೆ ಬರಿಯ ಶಬ್ದಚಮತ್ಕಾರವಲ್ಲ. 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಮಲಿನ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು. ಕೆಲವರು ಮರಳಿ ಮನೆಗೆ ಬರಲಿಲ್ಲ. ಸಾಹಿತ್ಯದ ಅಧ್ಯಾಪಕನೂ ನೀರಿನ ರಸಾಯನವನ್ನು ಕುರಿತು ನಾಲ್ಕು ಮಾತು ಕಲಿಯಬೇಕೆಂದು ನನಗೆ ತೋರಿದ್ದು ಆ ದಿನಗಳಲ್ಲಿ.

ನೀರಿನ ದ್ರಾವಣಗಳಲ್ಲಿ ನಡೆಯುವ ಕ್ರಿಯೆಗಳನ್ನು ಶಾಸ್ತ್ರಜ್ಞರು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಕರಗಿದ ಪದಾರ್ಥಗಳ ಅಯಾನುಗಳು, ಎಂದರೆ ವಿದ್ಯುದಂಶ ಹೊತ್ತ ಕಣಗಳು, ಒಂದನ್ನೊಂದು ಕೂಡಿ ಕರಗದ ವಸ್ತುವಾಗಿ ತಳ ಸೇರುವುದು ಪ್ರಕ್ಷೇಪನ. ಆಮ್ಲವೂ ಪ್ರತ್ಯಾಮ್ಲವೂ ಸಂಧಿಸಿ ಒಂದರ ಉಗ್ರತೆಯನ್ನು ಇನ್ನೊಂದು ಶಮನಗೊಳಿಸುವುದು ತಟಸ್ಥೀಕರಣ. ಒಂದು ಪದಾರ್ಥ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಮತ್ತೊಂದು ಅವನ್ನು ಪಡೆಯುವುದು ಉತ್ಕರ್ಷಣ-ಅಪಕರ್ಷಣ. ಇವನ್ನು ಕಾಣಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಗಡಸು ನೀರು ಕಾಯಿಸಿದ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹಕ್ಕಳೆ ಪ್ರಕ್ಷೇಪ. ತಾಮ್ರದ ಕೊಡ ಗಾಳಿಗೆ ಕಂದುವುದು ಉತ್ಕರ್ಷಣ. ಹುಣಸೆಹುಳಿ ತಿಕ್ಕಿದಾಗ ಆ ಕಂದು ಕಳೆಯುವುದು ಆಮ್ಲದ ಕೆಲಸ.

ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕದಲ್ಲಿ ಈ ಮೂರೂ ಒಂದರ ಹಿಂದೊಂದು ದುಡಿಯುತ್ತವೆ. ನದಿಯ ಕದಡಿದ ನೀರಿಗೆ ಪಟಿಕ ಬೆರೆಸಿದರೆ, ನೀರಿನಲ್ಲಿ ಸಹಜವಾಗಿರುವ ಬೈಕಾರ್ಬನೇಟು ಅದರ ಆಮ್ಲಗುಣವನ್ನು ತಣಿಸುತ್ತದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡು ಅರಳೆಯಂತೆ ಅರಳಿ, ಮಣ್ಣಿನ ಸೂಕ್ಷ್ಮ ಕಣಗಳನ್ನು ತಬ್ಬಿಕೊಂಡು ತಳಕ್ಕಿಳಿಯುತ್ತದೆ. ಬೈಕಾರ್ಬನೇಟು ಸಾಲದಿದ್ದರೆ ಸುಣ್ಣ ಬೆರೆಸುವುದುಂಟು. ಸೋಸಿದ ಬಳಿಕ ಕ್ಲೋರಿನ್ನಿನ ಸರದಿ. ಅದು ನೀರಿನೊಡನೆ ಕೂಡಿ ಹೈಪೋಕ್ಲೋರಸ್ ಆಮ್ಲವಾಗಿ, ರೋಗಾಣುಗಳ ಜೀವಕೋಶವನ್ನು ಉತ್ಕರ್ಷಿಸಿ ಕೊಲ್ಲುತ್ತದೆ. ಈ ಕ್ರಮ ತಪ್ಪಬಾರದು. ಕೊಳೆ ಉಳಿದ ನೀರಿಗೆ ಕ್ಲೋರಿನ್ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಯನ್ನು ಉತ್ಕರ್ಷಿಸುವುದರಲ್ಲೇ ವೆಚ್ಚವಾಗಿ, ರೋಗಾಣು ಬದುಕುಳಿಯುತ್ತದೆ. ನೀರು ಅತಿಯಾಗಿ ಪ್ರತ್ಯಾಮ್ಲೀಯವಾಗಿದ್ದರೂ ಕ್ಲೋರಿನ್ನಿನ ಪ್ರಭಾವ ಕುಗ್ಗುತ್ತದೆ. ನಲ್ಲಿಯ ಬಾಯಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ವಿಧಿಸುವುದು ದಾರಿಯಲ್ಲಿ ಸೇರಬಹುದಾದ ಸೋಂಕಿಗೆ ತಡೆಯಾಗಿ.

ನಗರವನ್ನು ಬಿಟ್ಟು ಮಾನ್ವಿ, ದೇವದುರ್ಗಗಳ ಕಡೆಗೆ ನಡೆದರೆ ಸಮಸ್ಯೆಯ ರೂಪವೇ ಬೇರೆ. ಕಾಲುವೆಯ ನೀರು ಹೊಲಗಳಿಗೆ ಹರಿದರೂ ಕುಡಿಯಲು ಕೊಳವೆಬಾವಿಯನ್ನೇ ನೆಚ್ಚಿದ ಹಳ್ಳಿಗಳು ಅಲ್ಲಿವೆ. ಅಂಥ ಬಾವಿಗಳಲ್ಲಿ ಮಿತಿಮೀರಿದ ಫ್ಲೋರೈಡ್ ಇರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ನೆಲದಡಿಯ ಗ್ರಾನೈಟ್ ಶಿಲೆಯ ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಕರಗಗೊಡದೆ ತಡೆದೀತು. ಆದರೆ ಪ್ರತ್ಯಾಮ್ಲೀಯ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬನೇಟಾಗಿ ಮೊದಲೇ ತಳ ಸೇರುತ್ತದೆ. ತಡೆ ತೊಲಗಿ ಫ್ಲೋರೈಡ್ ನೀರಿಗಿಳಿಯುತ್ತದೆ. ಹಂಡೆಯಲ್ಲಿ ನಿರುಪದ್ರವಿಯಾಗಿ ಕಂಡ ಕ್ರಿಯೆ ನೆಲದಡಿ ಹೀಗೆ ಕೇಡಿಗೆ ಬಾಗಿಲು ತೆರೆಯುತ್ತದೆ. ಮಾನಕದಂತೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಆಸರೆಯಿಲ್ಲದಲ್ಲಿ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಹಿರಿಯರ ಕೀಲುಗಳು ಬಿಗಿಯುತ್ತವೆ.

ಇಂಥ ನೀರು ಹೆಚ್ಚಾಗಿ ಸ್ಫಟಿಕದಂತೆ ತಿಳಿಯಾಗಿರುತ್ತದೆ. ಕುದಿಸಿದರೆ ರೋಗಾಣು ಸತ್ತೀತು. ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ನಾಗಪುರದ ರಾಷ್ಟ್ರೀಯ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ, ನೆರೆಯ ನಲ್ಗೊಂಡದ ಹೆಸರು ಹೊತ್ತ ವಿಧಾನವೊಂದಿದೆ. ಅದರಲ್ಲಿ ಪಟಿಕವೂ ಸುಣ್ಣವೂ ಕೂಡಿ ಫ್ಲೋರೈಡನ್ನು ತಮ್ಮೊಡನೆ ತಳಕ್ಕೊಯ್ಯುತ್ತವೆ. ಆದರೆ ಪ್ರಮಾಣ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲುಳಿದೀತು. ಅಲ್ಲಿಯೂ ಅಳತೆಯೇ ಪ್ರಧಾನ.

ಆದುದರಿಂದ ನಮ್ಮ ವಿದ್ಯಾರ್ಥಿಗಳು ಈ ಕ್ರಿಯೆಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯದಿರಲಿ. ತಮ್ಮೂರಿನ ಬಾವಿಯ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಎಂದು, ಅದರಲ್ಲಿ ಕಂಡುದೇನು ಎಂದು ವಿನಯದಿಂದ, ಆದರೆ ಬಿಡದೆ ಕೇಳಲಿ. ನೀರು ತಿಳಿಯಾಗಿದೆಯೆಂಬುದು ಆ ಪ್ರಶ್ನೆಗೆ ಉತ್ತರವಲ್ಲ.