ನಿಮಗಿದು ಗೊತ್ತೆ? ಹೆಗಲ ಹಿಂದಿದ್ದ ಇಂಧನದ ಹಿಡಿ

‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಹಾಡಿನಿಂದ ಜಗತ್ತಿಗೆ ಪರಿಚಿತರಾದ ಅಮೆರಿಕದ ಗಾಯಕ ಜಾನ್ ಡೆನ್ವರ್ ತೀರಿಕೊಂಡದ್ದು ಹವ್ಯಾಸಿಯೊಬ್ಬರು ಕೈಯಾರೆ ಕಟ್ಟಿದ್ದ ವಿಮಾನದಲ್ಲಿ. 1997ರ ಅಕ್ಟೋಬರ್ 12ರ ಸಂಜೆ ಅದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಬಿತ್ತು. ಒಬ್ಬರೇ ಹಾರುತ್ತಿದ್ದ ಅವರಿಗೆ ಆಗ 53 ವರ್ಷ.

ಲಾಂಗ್-ಈಜಿ ಎಂಬ ಆ ಪುಟ್ಟ ವಿಮಾನ ಬರ್ಟ್ ರುಟಾನ್ ಅವರ ವಿನ್ಯಾಸ. ನಕ್ಷೆ ಕೊಂಡು ತಂದು, ಫೋಮ್ ಮತ್ತು ಫೈಬರ್‌ಗ್ಲಾಸ್ ಬಳಸಿ ಯಾರು ಬೇಕಾದರೂ ಕಟ್ಟಬಹುದಿತ್ತು. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ ಇಂಥ ವಿಮಾನಗಳನ್ನು ಅಮೆರಿಕದಲ್ಲಿ ‘ಎಕ್ಸ್‌ಪೆರಿಮೆಂಟಲ್’ ವರ್ಗಕ್ಕೆ ಸೇರಿಸುತ್ತಾರೆ.

ರುಟಾನ್ ನಕ್ಷೆಯಲ್ಲಿ, ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ, ಕೈಗೆಟಕುವಂತಿತ್ತು. ಕಟ್ಟಿದವರು ಅದನ್ನು ಎಡ ಹೆಗಲ ಹಿಂದಕ್ಕೆ ಒಯ್ದಿದ್ದರು. ಗುರುತುಗಳೂ ಇರಲಿಲ್ಲ. ಹಿಡಿ ಮೇಲಿದ್ದರೆ ಬಂದ್, ಕೆಳಗಿದ್ದರೆ ಬಲ ಟ್ಯಾಂಕ್, ಬಲಕ್ಕಿದ್ದರೆ ಎಡ ಟ್ಯಾಂಕ್! 2,700 ಗಂಟೆಗೂ ಹೆಚ್ಚು ಹಾರಿದ್ದ ಡೆನ್ವರ್ ಅವರಂಥ ಅನುಭವಿಗೂ ಇದು ಕಷ್ಟವೇ. ಅದರಲ್ಲೂ ಆ ವಿಮಾನ ಅವರ ಕೈಗೆ ಬಂದು ಒಂದೆರಡು ದಿನವಷ್ಟೇ ಆಗಿತ್ತು. ಹೊರಡುವ ಮುನ್ನ ಇಂಧನವನ್ನೂ ತುಂಬಿಸಿರಲಿಲ್ಲ.

ಹಿಂದಕ್ಕೆ ತಿರುಗಿ ಹಿಡಿ ತಿರುಗಿಸಲು ಹೋದಾಗ ಅರಿವಿಲ್ಲದೆ ಬಲಗಾಲು ರಡ್ಡರ್ ಪೆಡಲನ್ನು ಒತ್ತಿತು, ವಿಮಾನ ಹತೋಟಿ ತಪ್ಪಿತು ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಹಿಡಿಯ ಜಾಗ, ಗುರುತಿಲ್ಲದ ಇಂಧನ ಮಾಪಕಗಳು, ಹೊಸ ವಿಮಾನಕ್ಕೆ ಒಗ್ಗಿಕೊಳ್ಳಲು ಸಾಲದ ತರಬೇತಿ, ಈ ಮೂರನ್ನೂ ಅದು ಕಾರಣಗಳ ಸಾಲಿಗೆ ಸೇರಿಸಿದೆ.