ರೋಮಾಂಚದ ಹುಟ್ಟು ಮತ್ತು ಅದರ ಅರ್ಥ

ಭರತನ ನಾಟ್ಯಶಾಸ್ತ್ರದ ಭಾವಾಧ್ಯಾಯದಲ್ಲಿ ಎಂಟು ಸಾತ್ತ್ವಿಕಭಾವಗಳು ನಿರೂಪಿತವಾಗಿರುವುವಷ್ಟೆ. ಅವುಗಳಲ್ಲಿ ರೋಮಾಂಚಕ್ಕೆ ಸ್ಪರ್ಶ, ಭಯ, ಶೀತ, ಹರ್ಷ, ಕ್ರೋಧ, ರೋಗ ಎಂಬ ಆರು ಕಾರಣಗಳನ್ನು ಹೇಳಿದೆ. ಇದನ್ನು ನಾವು ವಿದ್ಯಾರ್ಥಿಗಳಿಂದ ಕಂಠಪಾಠ ಮಾಡಿಸುವೆವು. ಆದರೆ ಚಳಿಯಲ್ಲಿ ನಡುಗುವವನಿಗೂ ಕೋಪದಿಂದ ಕುದಿಯುವವನಿಗೂ ಒಂದೇ ಚಿಹ್ನೆ ಒದಗಿದುದೇಕೆ ಎಂದು ವಿಚಾರಿಸುವುದು ವಿರಳ. ಭರತನಿಗೆ ಅಭಿನಯವೇ ಪ್ರಧಾನವಾದುದರಿಂದ ಅವನು ಈ ಪ್ರಶ್ನೆಯನ್ನೆತ್ತಲಿಲ್ಲ, ಅದು ದೋಷವಲ್ಲ. ಪ್ರಶ್ನೆಗೆ ಉತ್ತರವು ಜೀವವಿಜ್ಞಾನದಲ್ಲಿದೆ.

1859ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಪ್ರಕಟಿಸಿದ ಜೀವಜಾತಿಗಳ ಉಗಮವೆಂಬ ಗ್ರಂಥದ ತಿರುಳು ಹೀಗಿದೆ. ಒಂದೇ ಜಾತಿಯ ಪ್ರಾಣಿಗಳಲ್ಲಿ ಪರಸ್ಪರ ಅಲ್ಪಸ್ವಲ್ಪ ಭೇದಗಳುಂಟು. ಅವುಗಳಲ್ಲಿ ಹಲವು ಸಂತಾನಕ್ಕೂ ಇಳಿಯುವುವು. ಬದುಕಿ ಸಂತತಿಯನ್ನು ಬೆಳೆಸುವುದಕ್ಕೆ ನೆರವಾಗುವ ಭೇದವು ತಲೆತಲಾಂತರದಲ್ಲಿ ಹೆಚ್ಚುತ್ತ ಹೋಗುವುದು. ನೆರವಾಗದುದು ಅಳಿಯುತ್ತ ಬರುವುದು. ಇದಕ್ಕೆ ನಿಸರ್ಗದ ಆಯ್ಕೆಯೆಂದು ಹೆಸರು. ಇಲ್ಲಿ ಆಯುವ ಕರ್ತನಾರೂ ಇಲ್ಲ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇದು ಲಕ್ಷಣೆಯ ಪ್ರಯೋಗ. ಅಕ್ಷರಶಃ ತೆಗೆದುಕೊಂಡರೆ ಈ ಹೆಸರು ಸರಿಯಲ್ಲವೆಂದು ಡಾರ್ವಿನ್ನನೇ ತನ್ನ ಗ್ರಂಥದ 1861ರ ಮುದ್ರಣದಲ್ಲಿ ಒಪ್ಪಿಕೊಂಡನು.

ಈ ದೃಷ್ಟಿಯನ್ನು ಅವನು 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಾಶನದ ವಿಷಯಕ್ಕೆ ತಿರುಗಿಸಿದನು. ನಾಯಿಯನ್ನು ಕಂಡ ಬೆಕ್ಕು ಮೈಗೂದಲನ್ನು ನಿಮಿರಿಸಿ ಬೆನ್ನನ್ನು ಬಿಲ್ಲಿನಂತೆ ಬಾಗಿಸುವುದನ್ನು ನೋಡದವರಾರು? ಹಾಗೆ ಮಾಡಿದಾಗ ಅದರ ಮೈ ಇದ್ದುದಕ್ಕಿಂತ ದೊಡ್ಡದಾಗಿ ತೋರಿ ಶತ್ರುವು ಅಂಜುವುದು. ಚಿಂಪಾಂಜಿಯೂ ರೇಗಿದಾಗ ರೋಮಗಳನ್ನು ನಿಮಿರಿಸುವುದು. ಇನ್ನು ಚಳಿಯಲ್ಲಿ ದಟ್ಟವಾದ ರೋಮಗಳು ಎದ್ದು ನಿಂತರೆ ಅವುಗಳ ನಡುವೆ ಗಾಳಿಯ ಪದರವು ಸಿಕ್ಕಿಕೊಂಡು ದೇಹದ ಶಾಖವನ್ನು ಕಾಪಾಡುವುದು. ಜ್ವರವೇರುವಾಗ ಬರುವ ನಡುಕದೊಡನೆ ಕೂದಲು ನಿಮಿರುವುದೂ ಶಾಖವನ್ನು ಉಳಿಸಿಕೊಳ್ಳುವ ಈ ವ್ಯಾಪಾರದ ಅಂಗವೇ. ಪ್ರತಿಯೊಂದು ರೋಮದ ಬುಡದಲ್ಲಿಯೂ ಒಂದು ಕಿರಿಯ ಸ್ನಾಯುವುಂಟು. ಶೀತದಲ್ಲಿಯೂ ಭಯಕ್ರೋಧಗಳಲ್ಲಿಯೂ ಅದನ್ನು ಕುಗ್ಗಿಸುವುದು ನಮ್ಮ ಇಚ್ಛೆಗೆ ಒಳಪಡದ ಒಂದೇ ನರಮಂಡಲ.

ಮನುಷ್ಯನ ಮೈಯಲ್ಲಿ ರೋಮವು ಸಣ್ಣದಾದುದರಿಂದ ಈಗ ಅದು ಚಳಿಯನ್ನು ತಡೆಯದು, ಹಗೆಯನ್ನೂ ಬೆದರಿಸದು. ಆದರೂ ಸ್ನಾಯುವು ಉಳಿದಿದೆ, ನರವು ಉಳಿದಿದೆ. ಹೀಗೆ ಭರತನ ಆರು ಕಾರಣಗಳಲ್ಲಿ ಶೀತ, ರೋಗ, ಭಯ, ಕ್ರೋಧ ಎಂಬ ನಾಲ್ಕು ಒಂದೇ ಸೂತ್ರದಲ್ಲಿ ಕೋದುಕೊಳ್ಳುವುವು.

ಒಂದು ಎಚ್ಚರಿಕೆ ಇಲ್ಲಿ ಅವಶ್ಯ. ಡಾರ್ವಿನ್ನನು 1872ರ ಗ್ರಂಥದಲ್ಲಿ ನಿಸರ್ಗದ ಆಯ್ಕೆಗಿಂತ ಹೆಚ್ಚಾಗಿ, ಪೂರ್ವಿಕರ ಅಭ್ಯಾಸವೇ ಸಂತಾನಕ್ಕೆ ಇಳಿಯುವುದೆಂಬ ಮತವನ್ನು ಆಶ್ರಯಿಸಿದನು. ಆ ಮತವು ಈಗ ತ್ಯಕ್ತವಾಗಿದೆ. ನಮ್ಮ ವಾಸನಾವಾದವು ಇವೆರಡರಿಂದಲೂ ಬೇರೆ. ಅಭಿನವಗುಪ್ತನು ಹೇಳುವ ವಾಸನೆಯು ಜೀವನೊಡನೆ ಜನ್ಮಾಂತರದಿಂದ ಬರುವುದು. ಜೀವವಿಜ್ಞಾನದ ಆನುವಂಶಿಕತೆಯು ತಂದೆತಾಯಿಗಳ ದೇಹದಿಂದ ಬರುವುದು. ಹುಟ್ಟುವಾಗಲೇ ಪ್ರಾಣಿಯು ಕೆಲವು ಚಿತ್ತವೃತ್ತಿಗಳೊಡನೆ ಹುಟ್ಟುವುದೆಂಬಷ್ಟರಲ್ಲಿ ಎರಡಕ್ಕೂ ಸಾದೃಶ್ಯವುಂಟು. ಸಾದೃಶ್ಯವನ್ನು ತಾದಾತ್ಮ್ಯವೆಂದು ಹಿಗ್ಗಿ, ಎಲ್ಲವೂ ನಮ್ಮವರಿಗೆ ತಿಳಿದಿತ್ತೆಂದು ತರಗತಿಯಲ್ಲಿ ಹೇಳುವುದು ಉಭಯಶಾಸ್ತ್ರಗಳಿಗೂ ಅಪಚಾರ.

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಮಾದವುಂಟು. ರೋಮಾಂಚವು ಪಶುದೇಹದ ಅವಶೇಷವಾದರೆ ರಸಾನುಭವವೂ ಅಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಈ ಪೂರ್ವಪಕ್ಷಕ್ಕೆ ಸಮಾಧಾನವು ನಮ್ಮ ಶಬ್ದಶಾಸ್ತ್ರದಲ್ಲಿಯೇ ಇದೆ. ‘ಕುಶಲ’ ಶಬ್ದಕ್ಕೆ ದರ್ಭೆಯನ್ನು ತರುವವನೆಂದು ವ್ಯುತ್ಪತ್ತಿ. ಕೈ ಕೊಯ್ದುಕೊಳ್ಳದೆ ದರ್ಭೆಯನ್ನು ಕೀಳುವುದಕ್ಕೆ ಜಾಣ್ಮೆ ಬೇಕಾದುದರಿಂದ ಅದು ನಿಪುಣನೆಂಬ ಅರ್ಥದಲ್ಲಿ ರೂಢವಾಯಿತು. ವೀಣೆಯಲ್ಲಿ ಕುಶಲನೆಂದಾಗ ದರ್ಭೆಯನ್ನು ಯಾರೂ ನೆನೆಯುವುದಿಲ್ಲ. ವ್ಯುತ್ಪತ್ತಿಯು ಸತ್ಯವೇ, ಆದರೆ ಪ್ರಯೋಗದ ಅರ್ಥವು ಅದಕ್ಕೆ ಕಟ್ಟುಬಿದ್ದಿಲ್ಲ. ರೋಮಾಂಚದ ವ್ಯುತ್ಪತ್ತಿಯು ಚಳಿ ಮತ್ತು ಭಯಗಳಲ್ಲಿರಬಹುದು. ಗಾನವನ್ನು ಕೇಳಿ ಸಹೃದಯನ ಮೈ ನವಿರೇಳುವಾಗ ಅದರ ಅರ್ಥವು ಬೇರೆ.

ಹರ್ಷದಲ್ಲಿ ರೋಮಾಂಚವೇಕೆ ಎಂಬುದಕ್ಕೆ ಸರ್ವಸಮ್ಮತವಾದ ಉತ್ತರವು ಇನ್ನೂ ದೊರೆತಿಲ್ಲ. ಉಪಯೋಗವೊಂದನ್ನು ಊಹಿಸಿ ಕಥೆಯನ್ನು ಹೆಣೆಯುವುದು ಸುಲಭ. ಆದರೆ ಊಹೆಯು ಪ್ರಮಾಣವಲ್ಲ. ಬೆಕ್ಕು ಮತ್ತು ಚಿಂಪಾಂಜಿಗಳ ಹೋಲಿಕೆಯೂ ಸ್ನಾಯು ನರಗಳ ಪರೀಕ್ಷೆಯೂ ಭಯಕ್ರೋಧಗಳ ವಿಷಯದಲ್ಲಿ ಒದಗಿಸಿದ ಆಧಾರವು ಹರ್ಷದ ವಿಷಯದಲ್ಲಿಲ್ಲ. ಆದುದರಿಂದ ಈ ಭಾವವನ್ನು ಬೋಧಿಸುವಾಗ ಕಾರಣವು ತಿಳಿದ ನಾಲ್ಕನ್ನು ಕಾರಣಸಹಿತವಾಗಿ ಹೇಳೋಣ. ತಿಳಿಯದುದನ್ನು ತಿಳಿಯದೆಂದೇ ಹೇಳೋಣ. ಪಟ್ಟಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಯು ಅಲ್ಲಿಂದ ಮುಂದೆ ತಾನೇ ವಿಚಾರಿಸಲು ತೊಡಗುವನು.